ಹತ್ತು ನಿಮಿಷದೊಳಗಿನ ಕಸೂತಿ

ಕುರೆಕುಪ್ಪದ ಮನೆಗಳಲ್ಲಿ ಹೊಲಿಗೆ ಮೆಷಿನ್ ಯಾವಾಗ ತಿರುಗಬೇಕೆಂದು ಮೊದಲು ಹೇಳುವುದು ನಲ್ಲಿ. ನೀರು ಬಿಡುವ ದಿನ ಬೆಳಗಿನ ಹೊತ್ತೆಲ್ಲ ಕೊಡ, ಡ್ರಮ್ಮು, ಸಿಂಟೆಕ್ಸುಗಳಿಗೇ ಮೀಸಲು. ಅಂದು ಮಧ್ಯಾಹ್ನದೊಳಗೆ ಮೆಷಿನ್ನಿನ ಮುಚ್ಚುಬಟ್ಟೆ ಸರಿದರೆ ಕೇಳಿ. ಎರಡನೆಯ ಮಾತು ಶಿಫ್ಟಿನದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲೇ ಇರುವ ಊರು ನಮ್ಮದು. ಹೊಲವನ್ನೇ ನಂಬಿ ಬದುಕಿದ್ದ ಹಳ್ಳಿ ನೋಡನೋಡುತ್ತ ಬಾಡಿಗೆ ಮನೆಗಳ ಸಾಲಾಗಿ, ಪುರಸಭೆಯಾಗಿ ಬೆಳೆದಿದೆ. ಇಲ್ಲಿ ಅಡುಗೆಮನೆಯನ್ನು ಆಳುವುದು ಎ, ಬಿ, ಸಿ ಎಂಬ ಮೂರು ಅಕ್ಷರ. ಎ ಶಿಫ್ಟಾದರೆ ಬೆಳಗಿನ ಜಾವವೇ ರೊಟ್ಟಿ ಬಡಿಯುವ ಸದ್ದು. ಬಿ ಶಿಫ್ಟಾದರೆ ಮಧ್ಯಾಹ್ನದ ಊಟ ಬೇಗ ಮುಗಿಯಬೇಕು, ರಾತ್ರಿ ಹೊತ್ತು ಮೀರಿದ ಮೇಲೆ ಮತ್ತೊಮ್ಮೆ ಒಲೆ ಹಚ್ಚಬೇಕು. ಮೂರರಲ್ಲಿ ಗಟ್ಟಿಯಾದದ್ದು ಸಿ ಶಿಫ್ಟ್. ರಾತ್ರಿಯೆಲ್ಲ ದುಡಿದು ಬಂದವರು ಹಗಲು ಮಲಗಬೇಕು. ಎರಡು ಕೋಣೆಯ ಮನೆ. ಒಂದರಲ್ಲಿ ಮೆಷಿನ್, ಇನ್ನೊಂದರಲ್ಲಿ ಹಾಸಿಗೆ, ನಡುವೆ ಬರೀ ಪರದೆ.

ಹಾಗಾಗಿ ಸಿ ಶಿಫ್ಟಿನ ವಾರ ಮೆಷಿನ್ನಿಗೆ ರಜೆ. ಕೈಗಳಿಗೆ ರಜೆ ಇಲ್ಲ. ಸದ್ದು ಮಾಡದ ಕೆಲಸಗಳನ್ನೆಲ್ಲ ಆ ವಾರಕ್ಕೇ ಎತ್ತಿಟ್ಟಿರುತ್ತೇವೆ: ಸೀರೆಗೆ ಕುಚ್ಚು ಕಟ್ಟುವುದು, ಬ್ಲೌಸಿಗೆ ಹುಕ್ಕು ಹಚ್ಚುವುದು, ಅಂಚು ಹೆಮ್ಮಿಂಗ್ ಮಾಡುವುದು, ಬಟರ್ ಪೇಪರಿನ ಮೇಲೆ ಮುಂದಿನ ವಾರದ ಬಳ್ಳಿ, ನವಿಲು, ಮಾವಿನಕಾಯಿ ಬುಟ್ಟಾ ಬಿಡಿಸಿಕೊಳ್ಳುವುದು. ಶಿಫ್ಟ್ ಬದಲಾದ ಸೋಮವಾರ ಬೀದಿಯ ಒಂದೊಂದೇ ಮನೆಯಲ್ಲಿ ಮೆಷಿನ್ ಸದ್ದು ಏಳುತ್ತದೆ. ಯಾರ ಮನೆಯವರಿಗೆ ಈ ವಾರ ಯಾವ ಶಿಫ್ಟ್ ಎಂಬುದು ಆ ಸದ್ದಿನಿಂದಲೇ ಬೀದಿಗೆಲ್ಲ ಗೊತ್ತಾಗುತ್ತದೆ.

ಮನೆಯಲ್ಲಿದ್ದು ಕಸೂತಿ ಹಾಕುವ ಹೆಂಗಸಿನ ಬಗ್ಗೆ ಜನರ ಮನಸ್ಸಿನಲ್ಲಿ ಒಂದು ಚಿತ್ರವಿದೆ. ಕಿಟಕಿಯ ಪಕ್ಕ ಕುರ್ಚಿ, ಮಡಿಲಲ್ಲಿ ಬಟ್ಟೆ, ಕೈಯಲ್ಲಿ ಸೂಜಿ, ಮಧ್ಯಾಹ್ನದ ಬಿಡುವು. ಅಷ್ಟು ಬಿಡುವು ನಾನು ಕಂಡ ಯಾವ ಮನೆಯಲ್ಲೂ ಇಲ್ಲ. ಜೋಳದ ಹಿಟ್ಟಿಗೆ ಎಸರು ಕುದಿಯುವವರೆಗೆ ಒಂದು ಎಲೆ, ಕುಕ್ಕರ್ ಮೂರು ಸೀಟಿ ಹೊಡೆಯುವವರೆಗೆ ಒಂದು ದಳ, ಮಗು ಎದ್ದು ಅಳುವವರೆಗೆ ಎಷ್ಟಾಗುತ್ತದೋ ಅಷ್ಟು. ನಮ್ಮ ಕಸೂತಿ ಸಾಗುವುದು ಹೀಗೆ.

ಸರ್ಕಾರದ ಲೆಕ್ಕದಲ್ಲಿ ಈ ಹೊತ್ತಿಗೆ ಜಾಗವಿದೆಯೇ ಎಂದು ಹುಡುಕಿದ್ದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಜನರು ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆಂದು ದೇಶದಾದ್ಯಂತ ಸಮೀಕ್ಷೆ ಮಾಡುತ್ತದೆ. 2019ರ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಕೊಡುತ್ತಿದ್ದದ್ದು 299 ನಿಮಿಷ. ಮನೆಗೆಲಸಕ್ಕೆ ಕೈಹಾಕುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. 2024ರಲ್ಲಿ ಅದು 289 ಮತ್ತು 88 ಆಯಿತು. ಐದು ವರ್ಷದಲ್ಲಿ ನಮ್ಮ ಪಾಲಿನಲ್ಲಿ ಹತ್ತು ನಿಮಿಷ ಇಳಿಯಿತು, ಅವರ ಪಾಲಿನಲ್ಲಿ ಒಂಬತ್ತು. ಅಂದರೆ ನಮ್ಮ ಕೈಯಿಂದ ಇಳಿದ ಕೆಲಸ ಅವರ ಕೈಗಂತೂ ಹೋಗಿಲ್ಲ. ಗ್ಯಾಸು, ಮಿಕ್ಸಿ, ವಾಷಿಂಗ್ ಮೆಷಿನ್ನಿಗೆ ಹೋಗಿರಬೇಕು ಎಂಬುದು ನನ್ನ ಊಹೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಸಮೀಕ್ಷೆಯ ಲೆಕ್ಕ ಹಾಕುವ ರೀತಿ. ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗಿನ ದಿನವನ್ನು ಅರ್ಧ ಅರ್ಧ ಗಂಟೆಯ ಮನೆಗಳಾಗಿ ಭಾಗ ಮಾಡುತ್ತಾರೆ. ಒಂದು ಅರ್ಧ ಗಂಟೆಯಲ್ಲಿ ಹೆಚ್ಚೆಂದರೆ ಮೂರು ಕೆಲಸ ಬರೆದುಕೊಳ್ಳುತ್ತಾರೆ, ಅದೂ ಹತ್ತು ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಡೆದದ್ದನ್ನು. ಸಮೀಕ್ಷೆಗೆ ಇದು ಅನಿವಾರ್ಯ ನಿಯಮ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆದರೆ ಎಸರು ಕುದಿಯುವಷ್ಟರಲ್ಲಿ ಹಾಕಿದ ಎಲೆ, ಸೀಟಿಗಳ ನಡುವೆ ಹಾಕಿದ ದಳ ಎಲ್ಲವೂ ಆ ಗೆರೆಯ ಕೆಳಗೇ ಉಳಿದುಬಿಡುತ್ತವೆ. ಇಡೀ ಬ್ಲೌಸಿನ ತೋಳು, ಬೆನ್ನು, ಕೊರಳು ಮುಗಿದರೂ ಅದಕ್ಕೆ ತಗುಲಿದ ಹೊತ್ತು ಯಾವ ಕೋಷ್ಟಕದಲ್ಲೂ ಕಾಣದೆ ಹೋಗಬಹುದು. ಸರ್ಕಾರದವರ ಮಾತು ಬಿಡಿ, ಹಾಕಿದವಳ ಹತ್ತಿರವೂ ಅದರ ಲೆಕ್ಕವಿರುವುದಿಲ್ಲ. "ಎಷ್ಟೊತ್ತು ಹಿಡೀತವ್ವ ಇದಕ್ಕ?" ಎಂದು ಕೇಳಿದರೆ "ಹಂಗ, ನಡುನಡುವೆ" ಎನ್ನುತ್ತಾಳೆ.

ಈ ನಡುನಡುವಿನ ಹೊತ್ತಿಗೆ ಮೆಷಿನ್ ಕಸೂತಿ ಚೆನ್ನಾಗಿ ಒಗ್ಗುತ್ತದೆ. ಕಾರಣ ಅದರ ಕಟ್ಟೋಣದಲ್ಲೇ ಇದೆ. ಡಿಸೈನ್ ಎಷ್ಟೇ ದೊಡ್ಡದಿರಲಿ, ಅದು ಬಣ್ಣ ಬಣ್ಣವಾಗಿ, ತುಂಡು ತುಂಡಾಗಿ ಸಾಗುತ್ತದೆ. ಹಸಿರು ದಾರ ಇರುವಷ್ಟು ಹೊತ್ತು ಎಲೆ, ಕಾಂಡ, ದಾರ ಬದಲಿಸಿದರೆ ಹೂವು, ಕೊನೆಗೆ ಜರಿ. ಪ್ರತಿ ತುಂಡಿನ ಕೊನೆಯಲ್ಲೂ ಎದ್ದುಹೋಗಲು ಒಂದು ಬಾಗಿಲಿದೆ. ಬಟ್ಟೆ ರಿಂಗಿನಲ್ಲೇ ಬಿಗಿಯಾಗಿ ಕೂತಿರುತ್ತದೆ. ಸಾರಿಗೆ ಒಗ್ಗರಣೆ ಕೊಟ್ಟು, ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡು ಬಂದರೆ ಬಿಟ್ಟಲ್ಲಿಂದಲೇ ಹಿಡಿಯಬಹುದು. ಬ್ಲೌಸ್ ಕಟಿಂಗ್ ಹಾಗಲ್ಲ. ಕತ್ತರಿ ಹಿಡಿದವಳನ್ನು ಅರ್ಧದಲ್ಲಿ ಎಬ್ಬಿಸಿದರೆ ಅಳತೆ ತಲೆಯಿಂದ ಹಾರಿಹೋಗುತ್ತದೆ. ಅದಕ್ಕೇ ಕಟಿಂಗ್ ಮಾಡುವುದು ಎಲ್ಲರೂ ಮಲಗಿದ ಮೇಲೆ, ಕಸೂತಿ ಹಾಕುವುದು ಹಗಲು ಹೊತ್ತು, ಮನೆಯ ಗದ್ದಲದ ನಡುವೆ.

ಕಾಲಲ್ಲಿ ತುಳಿಯುವ ಸಾದಾ ಮೆಷಿನ್ನಿನಲ್ಲೇ ಎಂಥ ಕಸೂತಿ ಬರುತ್ತದೆಂದು ನೋಡದವರಿಗೆ ನಂಬಿಕೆ ಬರುವುದಿಲ್ಲ. ಮೊದಲ ಕೆಲಸ ಫುಟ್ ಬಿಚ್ಚಿ ತೆಗೆಯುವುದು. ಎರಡನೆಯದು ಬಟ್ಟೆಯನ್ನು ಹಿಂದಕ್ಕೆ ಎಳೆಯುವ ಹಲ್ಲುಗಳನ್ನು ಕೆಳಗಿಳಿಸುವುದು. ಇಳಿಸಲು ಬಾರದ ಹಳೆಯ ಮೆಷಿನ್ ಆದರೆ ಮೇಲೊಂದು ತಗಡಿನ ಪ್ಲೇಟು ಕೂರಿಸುವುದು. ಇನ್ನು ಬಟ್ಟೆ ಎತ್ತ ಸರಿಯಬೇಕೆಂಬುದು ಮೆಷಿನ್ನಿನ ಅಧಿಕಾರ ಅಲ್ಲ, ಪೂರ್ತಿ ಕೈಯದು. ಮರದ ರಿಂಗಿನ ಒಳಬಳೆಗೆ ಹತ್ತಿಬಟ್ಟೆಯ ಪಟ್ಟಿ ಸುತ್ತಿಕೊಂಡರೆ ಬಟ್ಟೆ ಜಾರುವುದಿಲ್ಲ. ಬೆರಳಿಂದ ತಟ್ಟಿದರೆ ಕಾಸಿದ ತಮಟೆಯಂತೆ ಸದ್ದು ಬರುವಷ್ಟು ಬಿಗಿ ಇರಬೇಕು. ಬಾಬಿನ್ ದಾರವನ್ನು ಒಂದು ಸುತ್ತು ತಿರುಗಿಸಿ ಮೇಲೆಳೆದುಕೊಂಡು, ಎರಡೂ ದಾರ ಹಿಡಿದು ಶುರು ಮಾಡಬೇಕು. ಹೊಸದಾಗಿ ಕಲಿಯುವ ಹುಡುಗಿಯರು ಮರೆಯುವ ಒಂದು ಸಂಗತಿ ಇಲ್ಲಿದೆ: ಫುಟ್ ಇಲ್ಲದಿದ್ದರೂ ಅದರ ಹಿಡಿಯನ್ನು ಕೆಳಗೆ ಇಳಿಸಲೇಬೇಕು. ಹಿಡಿ ಇಳಿದಾಗಷ್ಟೇ ಮೇಲಿನ ದಾರಕ್ಕೆ ಬಿಗಿ ಸಿಗುವುದು. ಇಳಿಸದೆ ತುಳಿದರೆ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ರಿಂಗು ತಿರುವಿ ನೋಡಿದರೆ ಕೆಳಗೆ ದಾರದ ಗೂಡು.

ಕಾಲು ಒಂದೇ ವೇಗದಲ್ಲಿ ತುಳಿಯುತ್ತಿರುವಾಗ ಎರಡೂ ಕೈಯ ಬೆರಳುಗಳು ರಿಂಗನ್ನು ಸರಿಸುತ್ತವೆ. ಕಾಲು ಜೋರಾಗಿ ಕೈ ನಿಧಾನವಾದರೆ ದಾರ ಒಂದೇ ಕಡೆ ಗುಡ್ಡೆಯಾಗುತ್ತದೆ. ಕೈ ಓಡಿ ಕಾಲು ಹಿಂದೆ ಬಿದ್ದರೆ ಹೊಲಿಗೆ ಉದ್ದವಾಗಿ ಬಳೆಗೆ ಸಿಕ್ಕಿ ಕಿತ್ತುಬರುತ್ತದೆ. ಕೆಲಸ ಸರಿಯಾಗಿದೆಯೇ ಎಂದು ಹೇಳುವುದು ಬಟ್ಟೆಯ ಹಿಂಭಾಗ. ತುಂಬುಹೊಲಿಗೆಯ ಪಟ್ಟಿಯನ್ನು ತಿರುವಿ ನೋಡಿದಾಗ ಎರಡು ಅಂಚಿನಲ್ಲಿ ಮೇಲಿನ ಬಣ್ಣದ ದಾರ, ನಡುವೆ ಮೂರನೇ ಒಂದು ಪಾಲು ಬಾಬಿನ್ನಿನ ಬಿಳಿ ದಾರ ಕಾಣಬೇಕು. ಬಿಳಿ ದಾರ ಮೇಲ್ಭಾಗದಲ್ಲೇ ಇಣುಕಿದರೆ ಮೇಲಿನ ಬಿಗಿ ಹೆಚ್ಚಾಯಿತೆಂದು ಅರ್ಥ. ಬಾಬಿನ್ ಕೇಸಿನ ಸಣ್ಣ ಸ್ಕ್ರೂ ಕಾಲು ಸುತ್ತು ತಿರುಗಿದರೆ ಸಾಕು, ಇಡೀ ಕೆಲಸದ ರೂಪವೇ ಬದಲು. ಕೈನುರಿತವರು ಆ ಸ್ಕ್ರೂವನ್ನು ಬೇಕೆಂದೇ ಸಡಿಲಿಸಿ, ಸೂಜಿಯ ಕಣ್ಣಿಗೆ ಹೋಗದ ದಪ್ಪ ಜರಿಯನ್ನು ಬಾಬಿನ್ನಿಗೆ ಸುತ್ತಿ, ಬಟ್ಟೆಯನ್ನು ಮಗುಚಿ ಹಾಕಿಕೊಂಡು ಹೊಲಿಯುತ್ತಾರೆ. ಡಿಸೈನ್ ಮೂಡುವುದು ಕೆಳಗೆ, ಕಣ್ಣಿಗೆ ಕಾಣದ ಕಡೆ. ಮುಗಿಸಿ ತಿರುವಿದಾಗಲೇ ಗೊತ್ತಾಗುವುದು.

ಡಿಸೈನನ್ನು ಬಟ್ಟೆಗೆ ಇಳಿಸುವುದೂ ಒಂದು ಪಳಗಿದ ಕೆಲಸ. ಬಟರ್ ಪೇಪರಿನ ಮೇಲೆ ಬಿಡಿಸಿದ ಗೆರೆಯಗುಂಟ ದಾರವಿಲ್ಲದ ಮೆಷಿನ್ನನ್ನು ಓಡಿಸಿದರೆ ಸಾಲು ತೂತು ಬೀಳುತ್ತವೆ. ಅದನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಪುಡಿಯನ್ನು ಹತ್ತಿಯುಂಡೆಯಿಂದ ಒತ್ತಿ ಉಜ್ಜಬೇಕು. ಗಾಢ ಬಣ್ಣದ ಬಟ್ಟೆಗೆ ಬಿಳಿಯ ಜಿಂಕ್ ಪೌಡರ್, ತಿಳಿ ಬಟ್ಟೆಗೆ ನೀಲಿ. ಎಣ್ಣೆ ಆರಿಹೋಗಿ ಪುಡಿಯ ಚುಕ್ಕೆ ಮಾತ್ರ ಉಳಿಯುತ್ತದೆ. ಒಮ್ಮೆ ತೂತು ಮಾಡಿದ ಪೇಪರು ವರ್ಷಗಟ್ಟಲೆ ಬಾಳುತ್ತದೆ, ಬೀದಿಯಲ್ಲೆಲ್ಲ ಕೈ ಬದಲಿಸುತ್ತದೆ. ರೇಷನ್ನಿನ ಸೀಮೆಎಣ್ಣೆ ಸಿಗುವುದು ದುಸ್ತರವಾದ ಮೇಲೆ ಹೊಸಬರು ಹಳದಿ ಕಾರ್ಬನ್ ಪೇಪರಿಗೆ ಬಂದಿದ್ದಾರೆ. ಅದರ ಗೆರೆ ಕೈ ತಾಗಿ ಬೇಗ ಅಳಿಸುತ್ತದೆ. ಎರಡನ್ನೂ ಬಳಸಿದವಳಾಗಿ ಹಳೆಯದೇ ಮೇಲು ಎನ್ನುತ್ತೇನೆ.

ಇತ್ತೀಚೆಗೆ ಕೆಲವು ಮನೆಗಳಿಗೆ ಕಂಪ್ಯೂಟರ್ ಮೆಷಿನ್ ಬಂದಿದೆ. ದೊಡ್ಡ ಫ್ರೇಮಿನದಾದರೆ ಬೆಲೆ ಲಕ್ಷದ ಮೇಲೆ. ಪೆನ್‌ಡ್ರೈವಿನಲ್ಲಿ ಡಿಸೈನ್ ಹಾಕಿ ಗುಂಡಿ ಒತ್ತಿದರೆ ಫ್ರೇಮು ತಾನೇ ಸರಿಯುತ್ತದೆ. ವೇಗ ನಿಮಿಷಕ್ಕೆ 400ರಿಂದ 860 ಹೊಲಿಗೆಯವರೆಗೆ. ಗುಂಡಿ ಒತ್ತಿ ಕೂತರಾಯಿತು ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಬೆನ್ನಿನ ಒಂದು ನವಿಲಿಗೆ 20,000 ಹೊಲಿಗೆ ಎಂದುಕೊಂಡರೆ, ನಿಮಿಷಕ್ಕೆ 600ರಂತೆ ಬರೀ ಓಟಕ್ಕೇ ಅರ್ಧ ಗಂಟೆಯ ಮೇಲಾಯಿತು. ಅದರ ನಡುವೆ ಆರೇಳು ಸಲ ದಾರ ಬದಲಿಸಬೇಕು, ಪ್ರತಿ ಸಲ ಸೂಜಿಗೆ ಪೋಣಿಸಬೇಕು, ಬಾಬಿನ್ ಮುಗಿದರೆ ಸುತ್ತಬೇಕು. ಬಟ್ಟೆಯ ಕೆಳಗೆ ಕ್ಯಾನ್ವಾಸ್ ಸರಿಯಾಗಿ ಹಾಕದಿದ್ದರೆ ತೆಳು ರೇಷ್ಮೆ ಮುದುಡಿಕೊಂಡು ಕೂರುತ್ತದೆ.

ಈ ಮೆಷಿನ್ ಮನೆಯ ಹೆಂಗಸಿಗೆ ಕಲಿಸಿರುವುದು ಕಿವಿಯ ಕೆಲಸ. ಈರುಳ್ಳಿ ಹೆಚ್ಚುತ್ತ ಅಡುಗೆಮನೆಯಲ್ಲಿ ನಿಂತಿದ್ದರೂ ಕಿವಿ ಆ ಕೋಣೆಯಲ್ಲೇ ಇರುತ್ತದೆ. ತುಂಬುಹೊಲಿಗೆಯ ಸದ್ದು ಬೇರೆ, ಗೆರೆಹೊಲಿಗೆಯ ಸದ್ದು ಬೇರೆ. ಸೂಜಿ ಮೊಂಡಾದರೆ ಬಟ್ಟೆ ತೂರುವಾಗ ಟಪ್ ಟಪ್ ಎನ್ನುತ್ತದೆ. ಜರಿದಾರ ತುಂಡಾಗುವ ಮುಂಚೆ ಸಣ್ಣಗೆ ಚರಚರ ಎಳೆದ ಸದ್ದು ಬರುತ್ತದೆ, ಆಗಲೇ ಓಡಿ ಹಿಡಿದರೆ ಕೆಲಸ ಉಳಿಯಿತು. ಕುಕ್ಕರಿನ ಸೀಟಿ, ಮಗುವಿನ ಮಾತು, ಬಾಗಿಲಲ್ಲಿ ತರಕಾರಿ ಗಾಡಿಯವನ ಕೂಗು, ಇಷ್ಟರ ನಡುವೆ ಆ ಒಂದು ಎಳೆಯ ಸದ್ದನ್ನು ಬೇರೆ ಮಾಡಿ ಕೇಳುವ ವಿದ್ಯೆಗೆ ಯಾವ ಸರ್ಟಿಫಿಕೇಟೂ ಇಲ್ಲ.

ಮನೆ ಮತ್ತು ಕಸೂತಿ ಮೆಷಿನ್ನಿನ ನಂಟು ನಮ್ಮಲ್ಲಿ ಶುರುವಾದದ್ದಲ್ಲ. ಫ್ರಾನ್ಸಿನ ಮುಲ್ಹೌಸ್ ಪಟ್ಟಣದ ಜೋಶುವೆ ಹೈಲ್‌ಮನ್ 1828ರಲ್ಲಿ ಹಲವು ಸೂಜಿಗಳನ್ನು ಒಟ್ಟಿಗೆ ಓಡಿಸುವ ಕೈಯಂತ್ರ ಮಾಡಿದ. ಸ್ವಿಟ್ಜರ್ಲೆಂಡಿನ ಇಸಾಕ್ ಗ್ರೋಬ್ಲಿ 1863ರಲ್ಲಿ ಹೊಲಿಗೆ ಮೆಷಿನ್ನಿನ ಎರಡು ದಾರದ ಉಪಾಯವನ್ನೇ ಕಸೂತಿಗೆ ಅಳವಡಿಸಿದ. ಸೇಂಟ್ ಗ್ಯಾಲನ್ ಸುತ್ತಮುತ್ತಲ ರೈತರ ಮನೆಗಳಲ್ಲಿ ಆ ಕಾಲದ ಯಂತ್ರಗಳು ಕೂತವು. ಗಂಡಸು ಯಂತ್ರ ನಡೆಸುತ್ತಿದ್ದರೆ ನೂರಾರು ಸೂಜಿಗೆ ದಾರ ಪೋಣಿಸುವ ಕೆಲಸ ಹೆಂಡತಿ ಮಕ್ಕಳದು. ಶಾಲೆಗೆ ಮುಂಚೆ, ಶಾಲೆ ಬಿಟ್ಟ ಮೇಲೆ ಪೋಣಿಸುವ ಮಕ್ಕಳು. ಮುಂದೆ ಗ್ರೋಬ್ಲಿಯ ಮಗ ತೂತುಪಟ್ಟಿಯಿಂದ ಯಂತ್ರ ತಾನೇ ನಡೆಯುವಂತೆ ಮಾಡಿದ. ಈಗ ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿಕೊಡುವ ಅಂಗಡಿಯವರೂ ಆ ಕೆಲಸಕ್ಕೆ ಪಂಚಿಂಗ್ ಎಂದೇ ಹೇಳುತ್ತಾರೆ. ಮನೆಯಲ್ಲಿ ಇಟ್ಟುಕೊಳ್ಳಬಹುದಾದ, ಅಂಗಡಿ ದರ್ಜೆಯ ಕಸೂತಿ ಮೆಷಿನ್ನನ್ನು ಜಪಾನಿನ ಜನೋಮೆ ಕಂಪನಿ ತಂದದ್ದು 1990ರಲ್ಲಿ.

ಕುರೆಕುಪ್ಪದಲ್ಲಿ ಕೂತು ಕಸೂತಿಯ ಮಾತಾಡುವವರು ಸಂಡೂರಿನ ಹೆಸರೆತ್ತದೆ ಇರಲಾರರು. ನಮ್ಮ ತಾಲ್ಲೂಕಿನ ತಾಂಡಾಗಳ ಲಂಬಾಣಿ ಹೆಂಗಸರ ಕೈಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. 1984ರಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರ ಆ ಹೆಂಗಸರ ಕೆಲಸಕ್ಕೆ ಮಾರುಕಟ್ಟೆ ಹುಡುಕಿಕೊಟ್ಟಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಕುರಿತ ಸಭೆ ನಡೆದಾಗ, ಆ ಕೇಂದ್ರದ 450ಕ್ಕೂ ಹೆಚ್ಚು ಹೆಂಗಸರು ಮಾಡಿದ 1,755 ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು. ಪೇಪರಿನಲ್ಲಿ ಆ ಸುದ್ದಿ ಓದಿದ ದಿನ ನಮ್ಮ ಬೀದಿಯಲ್ಲೂ ಹೆಮ್ಮೆಪಟ್ಟೆವು. ಕೂಲಿ, ಹೊಲ, ಸೌದೆ, ನೀರು, ಮಕ್ಕಳು ಎಲ್ಲ ಮುಗಿಸಿ ಉಳಿದ ಹೊತ್ತಿನಲ್ಲಿ ತಮ್ಮ ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆಗಳಿಗೆಂದು ಹಾಕಿಕೊಳ್ಳುತ್ತಿದ್ದ ಕಸೂತಿ ಅದು. ಅದೂ ನಡುನಡುವಿನ ಕೆಲಸವೇ. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತುತ್ತಿದ್ದ ಜನರ ಕಸುಬನ್ನು ರೈಲು ಕಸಿದುಕೊಂಡಿತು. ಹೆಂಗಸರ ಸೂಜಿ ಮಾತ್ರ ಅವರ ಜೊತೆಗೇ ಉಳಿಯಿತು.

ಲಂಬಾಣಿ ಕಸೂತಿಯಲ್ಲಿ 14 ಬಗೆಯ ಹೊಲಿಗೆ ಹೇಳುತ್ತಾರೆ: ಕೀಲನ್, ವೇಲೆ, ಬಕ್ಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕನ್ಸ್, ರೇಲೋ, ಜೊಲ್ಯಾ, ನಾಕ್ರಾ ಇತ್ಯಾದಿ. ಇವುಗಳಲ್ಲಿ ನನ್ನ ಕಣ್ಣು ಮತ್ತೆ ಮತ್ತೆ ಹೋಗುವುದು ಕನ್ನಡಿ ಕೂರಿಸುವ ಕ್ರಮದ ಮೇಲೆ. ಕನ್ನಡಿಗೆ ತೂತಿಲ್ಲ, ಅಂಟೂ ಹಾಕುವುದಿಲ್ಲ. ಮೊದಲು ಅಡ್ಡ ಉದ್ದ ನಾಲ್ಕು ದಾರ ಎಳೆದು ಕನ್ನಡಿಯನ್ನು ಬಟ್ಟೆಗೆ ಕಟ್ಟುತ್ತಾರೆ. ಆಮೇಲೆ ಆ ದಾರಗಳನ್ನೇ ಹಿಡಿದು, ಒಂದು ಹೊಲಿಗೆ ದಾರಕ್ಕೆ, ಒಂದು ಬಟ್ಟೆಗೆ ಎಂದು ಸುತ್ತ ಹೆಣೆಯುತ್ತ ಬಂದರೆ ದಾರ ಅಂಚಿಗೆ ಸರಿದು ನಡುವೆ ಕನ್ನಡಿ ತೆರೆದುಕೊಳ್ಳುತ್ತದೆ. ಮೆಷಿನ್ನಿಗೆ ಇದು ಸಾಧ್ಯವಿಲ್ಲ. ಮೆಷಿನ್ ಮಾಡುವುದು ಪ್ಲಾಸ್ಟಿಕ್ ಮಿಣುಕನ್ನು ಮೇಲಿಂದ ಒತ್ತಿ ಹೊಲಿಯುವುದು, ಇಲ್ಲವೇ ಮೊದಲೇ ಮಾಡಿಟ್ಟ ದಾರದ ಬಳೆಯನ್ನು ಕನ್ನಡಿಯ ಸುತ್ತ ಕೂರಿಸುವುದು.

ಹೀಗಿದ್ದರೂ ಹಂಪಿಗೆ ಬಂದ ಪ್ರವಾಸಿಗರಿಗೆ ಮೆಷಿನ್ ಮಾಲನ್ನು ಲಂಬಾಣಿ ಕೈಕೆಲಸವೆಂದು ಮಾರುವವರಿದ್ದಾರೆ. ಮೆಷಿನ್ನಿನವಳಾಗಿ ನಾನು ಇದನ್ನು ಒಪ್ಪುವುದಿಲ್ಲ. ಒಬ್ಬಳು ಕೂಲಿಯಿಂದ ಬಂದು ದೀಪದ ಬೆಳಕಲ್ಲಿ ಹೆಣೆದ ಕನ್ನಡಿಯ ಹೆಸರನ್ನು ಇನ್ನೊಬ್ಬಳ ಮೋಟಾರಿನ ಕೆಲಸಕ್ಕೆ ಹಚ್ಚಿದರೆ ಇಬ್ಬರಿಗೂ ಅನ್ಯಾಯ: ಅವಳ ಬೆಲೆ ಬೀಳುತ್ತದೆ, ಇವಳ ಕೈಗೆ ತನ್ನದೇ ಹೆಸರು ಸಿಗುವುದಿಲ್ಲ. ಕೊಳ್ಳುವವರು ಬಟ್ಟೆಯನ್ನು ತಿರುವಿ ನೋಡಬೇಕು. ಕೈಕೆಲಸದ ಹಿಂಬದಿಯಲ್ಲೂ ಅದೇ ಬಣ್ಣದ ದಾರ ಇರುತ್ತದೆ, ಅಲ್ಲಲ್ಲಿ ಗಂಟು, ಒಂದು ಹೂವಿಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ. ಮೆಷಿನ್ನಿನದಾದರೆ ಬಾಬಿನ್ನಿನ ಬಿಳಿ ದಾರ ಉದ್ದಕ್ಕೂ ಕಾಣುತ್ತದೆ, ಕೆಳಗೆ ಕ್ಯಾನ್ವಾಸಿನ ಚೂರು ಉಳಿದಿರುತ್ತದೆ. ಧಾರವಾಡದ ಕಡೆಯ ಕಸೂತಿಗೂ ಇದೇ ಪರೀಕ್ಷೆ, ಇನ್ನೂ ಕಠಿಣ. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಗಂಟೇ ಇಲ್ಲ; ಎಳೆ ಎಣಿಸಿ ಹಾಕಿದ ಗೋಪುರ, ತೇರು ಎರಡೂ ಬದಿಯಲ್ಲಿ ಒಂದೇ ಥರ ಕಾಣಬೇಕು. ಮೆಷಿನ್ನಿನ ದಾರ ಎರಡಾದ್ದರಿಂದ ಆ ಮಾತೇ ಬೇರೆ.

ಮೆಷಿನ್ ಕಸೂತಿಗೆ ತನ್ನದೇ ಮರ್ಯಾದೆ ಇದೆ, ಅದಕ್ಕೆ ಯಾರ ಹೆಸರಿನ ಸಾಲವೂ ಬೇಡ. ನಮ್ಮ ಅಮ್ಮಂದಿರ ಕಾಲದ ಮನೆಗಳನ್ನು ನೆನೆಸಿಕೊಳ್ಳಿ. ಬಾಗಿಲ ಪರದೆಯ ಮೇಲೆ ಜೋಡಿ ಗಿಳಿ, ದಿಂಬಿನ ಕವರಿನ ಮೇಲೆ ಇಂಗ್ಲಿಷಿನಲ್ಲಿ ಸ್ವೀಟ್ ಡ್ರೀಮ್ಸ್, ಗಾಜಿನ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಬಿಟ್ಟ ಸುಸ್ವಾಗತ, ಟೀವಿ ಕವರು, ರೇಡಿಯೋ ಕವರು, ಕರ್ಚೀಫಿನ ಮೂಲೆಯಲ್ಲಿ ಒಂದಕ್ಷರ. ಇಂಗ್ಲಿಷ್ ಓದಲು ಬಾರದ ಕೈಗಳು ಬಿಡಿಸಿದ ಇಂಗ್ಲಿಷ್ ಅಕ್ಷರ ಎಷ್ಟೋ. ಮದುವೆಗೆ ಮುಂಚೆ ಹುಡುಗಿಯರು ಅವನ್ನೆಲ್ಲ ಹಾಕಿ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಇಂದಿಗೂ ಹಾಗೆ ಮಾರಾಟಕ್ಕಲ್ಲದ ಕೆಲಸ ನಡೆದೇ ಇದೆ. ಮಗಳ ಹಳೆಯ ಫ್ರಾಕಿನ ಮೇಲೆ ಬಿದ್ದ ಕಲೆ ಮುಚ್ಚಲು ಒಂದು ಚಿಟ್ಟೆ, ಗಂಡನ ಹರಿದ ಜೀನ್ಸಿನಿಂದ ತರಕಾರಿ ಚೀಲ, ಅದರ ಮೇಲೊಂದು ಬದನೆಕಾಯಿ, ಅತ್ತೆಯ ಹಳೆ ಸೀರೆಗಳ ಕೌದಿಗೆ ಅಂಚು. ನಾಲ್ಕು ದಿನ ಮನಸ್ಸು ಸರಿಯಿಲ್ಲದಾಗ ಯಾರೂ ಕೇಳದ ಒಂದು ಬಳ್ಳಿಯನ್ನು ಚಿಂದಿಬಟ್ಟೆಯ ಮೇಲೆ ಸುಮ್ಮನೆ ಓಡಿಸುವುದೂ ಇದೆ. ಕಾಲು ತುಳಿಯುತ್ತಿರುವಷ್ಟು ಹೊತ್ತು ತಲೆಯೊಳಗಿನ ಮಾತು ನಿಲ್ಲುತ್ತದೆ. ಅದರ ಬೆಲೆಯನ್ನು ನಾನು ಹಣದಲ್ಲಿ ಹೇಳಲಾರೆ.

ಹಣದಲ್ಲಿ ಹೇಳಬೇಕಾದ್ದನ್ನು ಮಾತ್ರ ಹಣದಲ್ಲೇ ಹೇಳಬೇಕು. ನಮ್ಮ ಕಡೆ ಅಲ್ಲೇ ಸೋಲುವುದು. ಬ್ಲೌಸ್ ಹಿಡಿದುಕೊಂಡು ಬಂದವರು ಕೂರುವ ಮುಂಚೆಯೇ "ಯಕ್ಕಾ, ಹೆಂಗೂ ಮನ್ಯಾಗ ಇರ್ತೀಯಲ್ಲ, ಒಂದೀಟು ಕಮ್ಮಿ ಮಾಡು" ಎನ್ನುತ್ತಾರೆ. ಹೊಸಪೇಟೆಯ ಅಂಗಡಿಯಲ್ಲಿ ಕೇಳಿದಷ್ಟು ಕೊಟ್ಟು ಬರುವವರೇ ಮನೆಯವಳ ಹತ್ತಿರ ಬಂದಾಗ ಚೌಕಾಸಿಗೆ ಇಳಿಯುತ್ತಾರೆ. ಅಂಗಡಿಯವನಿಗೆ ಬಾಡಿಗೆ ಇದೆ, ಕರೆಂಟ್ ಬಿಲ್ಲಿದೆ ಎಂಬುದು ಅವರ ವಾದ. ಮನೆಯಲ್ಲೂ ಅದೇ ಬಾಡಿಗೆ, ಅದೇ ಕರೆಂಟು. 2023ರ ಆಗಸ್ಟಿನಿಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಬಿಲ್ ಬಾರದಿರಬಹುದು. ಸೂಜಿ, ದಾರ, ಕ್ಯಾನ್ವಾಸು, ಎಣ್ಣೆ, ಬೆನ್ನುನೋವು ಯಾವುದೂ ಉಚಿತವಿಲ್ಲ. ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಗಳು ಸಾವಿರ ಹೊಲಿಗೆಗೆ ಇಷ್ಟು ಎಂದು ದರ ಕಟ್ಟುತ್ತವೆ. ಆ ಕ್ರಮ ಮನೆಯವರಿಗೂ ಬರಬೇಕು. ಕಾಲುಮೆಷಿನ್ನಿನಲ್ಲಿ ಹೊಲಿಗೆ ಎಣಿಸಲು ಬಾರದು, ಅಲ್ಲಿ ಹೊತ್ತನ್ನೇ ಎಣಿಸಬೇಕು. ನಾನು ಮೆಷಿನ್ನಿನ ಡ್ರಾಯರಿನಲ್ಲಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕೂತಾಗ ಎಷ್ಟು ಗಂಟೆ, ಎದ್ದಾಗ ಎಷ್ಟು ಗಂಟೆ ಎಂದು ಬರೆಯುತ್ತೇನೆ. ನಾಲ್ಕು ನಿಮಿಷವಾದರೂ ಬರೆಯುತ್ತೇನೆ. ಕೂಡಿಸಿದ ಮೊತ್ತವನ್ನು ಗಿರಾಕಿಗೆ ತೋರಿಸಿದ ಮೇಲೆ ಚೌಕಾಸಿ ನಿಂತಿದೆ ಎನ್ನಲಾರೆ, ಕಡಿಮೆಯಾಗಿದೆ.

ಸರ್ಕಾರದ ಕಡೆಯಿಂದ ಬಾಗಿಲು ಪೂರ್ತಿ ಮುಚ್ಚಿಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯವರೂ ಸೇರಿದ್ದಾರೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿವರೆಗೆ, ಮೊದಲ ಕಂತಿನಲ್ಲಿ 1 ಲಕ್ಷ, ಅದನ್ನು ತೀರಿಸಿದರೆ 2 ಲಕ್ಷದವರೆಗೆ ಶೇ 5ರ ಬಡ್ಡಿಯಲ್ಲಿ ಸಾಲ. ಒಂದು ಕುಟುಂಬದಲ್ಲಿ ಒಬ್ಬರಿಗೇ ಅವಕಾಶವಾದ್ದರಿಂದ ಅರ್ಜಿ ಯಾರ ಹೆಸರಲ್ಲಿ ಹೋಗಬೇಕೆಂಬುದನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳಬೇಕು. ಹೊಲಿಯುವವಳ ಹೆಸರಲ್ಲೇ ಹೋಗಲಿ ಎಂಬುದು ನನ್ನ ಒತ್ತಾಯ. ರಾಜ್ಯದ ಅಸಂಘಟಿತ ಕಾರ್ಮಿಕರ ಮಂಡಳಿಯ ಪಟ್ಟಿಯಲ್ಲೂ ಟೈಲರ್‌ಗಳಿದ್ದಾರೆ. 2021ರಲ್ಲಿ ಬಂದ ಇ-ಶ್ರಮ್ ಪೋರ್ಟಲಿನಲ್ಲಿ 16ರಿಂದ 59 ವರ್ಷದವರು ಹೆಸರು ಬರೆಸಬಹುದು. ಎಷ್ಟೋ ಅಕ್ಕತಂಗಿಯರು ಅಲ್ಲಿ ಉದ್ಯೋಗ ಯಾವುದೆಂದು ಕೇಳಿದಾಗ ಗೃಹಿಣಿ ಎಂದು ಹೇಳಿ ಎದ್ದುಬರುತ್ತಾರೆ. ಹೊಲಿಗೆ ಎಂದು ಹೇಳಿ.

ಕಾನೂನಿನಲ್ಲಿ ಒಂದು ಕೊರತೆ ಉಳಿದಿದೆ. 2020ರ ಸಾಮಾಜಿಕ ಭದ್ರತಾ ಸಂಹಿತೆ ಮನೆಯಿಂದ ದುಡಿಯುವವರನ್ನು ಹೆಸರಿಸುತ್ತದೆ, ಆದರೆ ಮಾಲೀಕನೊಬ್ಬನಿಗಾಗಿ ಕೂಲಿಗೆ ದುಡಿಯುವವರನ್ನು ಮಾತ್ರ. ಬಳ್ಳಾರಿಯ ಜೀನ್ಸ್ ಘಟಕದಿಂದ ಗಂಟು ತಂದು ದಾರ ಕತ್ತರಿಸಿಕೊಡುವವಳು ಆ ವ್ಯಾಖ್ಯೆಯೊಳಗೆ ಬರುತ್ತಾಳೆ. ಪಕ್ಕದ ಮನೆಯವರ ಬ್ಲೌಸಿಗೆ ಕಸೂತಿ ಹಾಕುವವಳಿಗೆ ಮಾಲೀಕನಿಲ್ಲ; ಅವಳು ಸ್ವಂತ ಉದ್ಯೋಗಿ, ಬೇರೆ ಸಾಲಿನವಳು. ಒಂದೇ ಹೆಂಗಸು ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಮಾಡುತ್ತಿರುವ ಊರಿನಲ್ಲಿ ಈ ಗೆರೆ ಎಳೆಯುವುದು ಕಷ್ಟ. ಮನೆಯಿಂದ ದುಡಿಯುವವರ ಕುರಿತು 1996ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 177ನೇ ಒಡಂಬಡಿಕೆ ಮಾಡಿಕೊಂಡಿತು. ಮನೆಯಲ್ಲಿ ದುಡಿಯುವವರಿಗೂ ಉಳಿದ ಕೂಲಿಕಾರರಿಗೂ ಸಮಾನ ನಡೆ ಇರಬೇಕೆಂಬುದು ಅದರ ಸಾರ. ಭಾರತ ಅದನ್ನು ಅನುಮೋದಿಸಿಲ್ಲ.

ಊರಿನ ಧೂಳಿನ ಬಗ್ಗೆ ಹೇಳದಿದ್ದರೆ ಕೆಲಸದ ಅರ್ಧ ಕಥೆ ಬಿಟ್ಟಂತೆ. ಅದಿರಿನ ಲಾರಿ ಓಡುವ ರಸ್ತೆಯ ಕೆಂಪು ಪುಡಿ ಬಾಗಿಲ ಸಂದಿಯಲ್ಲೂ ನುಗ್ಗುತ್ತದೆ. ದಿನಕ್ಕೆರಡು ಸಲ ಕಸ ಗುಡಿಸಿ, ನೆಲ ಒರೆಸಿ, ಕೊನೆಗೆ ಮೆಷಿನ್ ಒರೆಸಿದ ಮೇಲೆಯೇ ಬಿಳಿ ಬಟ್ಟೆ ಹೊರಗೆ ತೆಗೆಯುವುದು. ಸೂಜಿಯ ಕೆಳಗಿನ ಪ್ಲೇಟು ಬಿಚ್ಚಿದರೆ ದಾರದ ನಾರಿನ ಜೊತೆ ಧೂಳು ಸೇರಿ ಬಿಲ್ಲೆಯಾಗಿ ಕೂತಿರುತ್ತದೆ. ಅದು ಹಾಗೇ ಇದ್ದರೆ ಹೊಲಿಗೆ ತಪ್ಪುತ್ತದೆ. ಹಳೆಯ ಟೂತ್‌ಬ್ರಷ್ಷಿನಿಂದ ತೆಗೆದು, ಒಂದೆರಡು ಹನಿ ಎಣ್ಣೆ ಬಿಟ್ಟು, ಚಿಂದಿಬಟ್ಟೆಯ ಮೇಲೆ ಸ್ವಲ್ಪ ಓಡಿಸಿ, ಎಣ್ಣೆ ಕಲೆ ಬರುವುದು ನಿಂತ ಮೇಲೆ ಗಿರಾಕಿಯ ಬಟ್ಟೆ. ಮನೆಗೆಲಸ ಎಲ್ಲಿ ಮುಗಿಯಿತು, ಕಸುಬು ಎಲ್ಲಿ ಶುರುವಾಯಿತು ಎಂದು ಇಲ್ಲಿ ಬೇರೆ ಮಾಡಿ ತೋರಿಸಲು ನನಗೆ ಬರುವುದಿಲ್ಲ.

ದಸರೆಗೆ ಮುಂಚೆ ಮುಗಿಸಬೇಕಾದ ಬ್ಲೌಸುಗಳು ಒಂದು ಕಡೆ. ಇನ್ನೊಂದು ಕಡೆ ಹತ್ತಿರದ ತಾಂಡಾದ ಹುಡುಗಿಯೊಬ್ಬಳು ತಂದುಕೊಟ್ಟಿರುವ ಫೇಟಿಯಾ ಬಟ್ಟೆ. ಅವಳ ಅವ್ವ ಕನ್ನಡಿಯ ಪಟ್ಟಿಯನ್ನು ಕೈಯಲ್ಲೇ ಮುಗಿಸಿದ್ದಾರೆ. ಘೇರು ದೊಡ್ಡದು, ಅಂಚಿನ ಬಳ್ಳಿ ಕೈಯಲ್ಲಿ ಹಾಕಲು ಈಗ ಅವರ ಕಣ್ಣು ಸಾಲುವುದಿಲ್ಲ. "ಅಂಚು ನೀ ಹಾಕು, ಕನ್ನಡಿ ಹತ್ರ ಮಾತ್ರ ನಿನ್ನ ಮಿಷಿನ್ ಬರಬಾರ್ದಂತ ನಮ್ಮವ್ವ ಹೇಳ್ಯಾಳ" ಎಂದು ಹುಡುಗಿ ಸ್ಪಷ್ಟವಾಗಿ ಹೇಳಿದ್ದಾಳೆ. ಪಟ್ಟಿಯಿಂದ ಎರಡು ಬೆರಳು ಬಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡಿದ್ದೇನೆ. ಈ ವಾರ ಸಿ ಶಿಫ್ಟ್, ಪೇಪರಿನ ಕೆಲಸ ಮಾತ್ರ. ಸೋಮವಾರದಿಂದ ಎ, ಎರಡು ಗಂಟೆಯೊಳಗೆ ದಿನಕ್ಕೆ ಒಂದು ಮೊಳ ಅಂಚು ಮುಗಿಯುತ್ತದೆ. ನೀರು ಬಿಡುವ ದಿನ ಬಿಟ್ಟು.